ಗೋಡೆಯ ಉತ್ತರ

೧೯೭೪ರ ಡಿಸೆಂಬರ್ ಎರಡು, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ರಬಕವಿಯ ತನ್ನ ಮನೆಯಲ್ಲಿ ರಾಮಲಿಂಗಪ್ಪ ಕಾಯಿ ಒಡೆದು ಬಟನ್ ಒತ್ತಿದ. ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದ್ದ ಹೊಸ ವಿದ್ಯುತ್ ಮಗ್ಗಗಳು ಒಮ್ಮೆಲೇ ಬಡಿಯತೊಡಗಿದವು. ಪೂಜೆಗೆ ಬಂದ ಮಂದಿ ಬಾಯಿ ತೆರೆದು ಏನೇನೋ ಹೇಳಿದರು. ಯಾರಿಗೂ ಏನೂ ಕೇಳಲಿಲ್ಲ. ಎಲ್ಲರೂ ನಕ್ಕರು.

ಅಷ್ಟರಲ್ಲಿ ತಂದೆ ಶಿದ್ರಾಮಪ್ಪ ಬಚ್ಚಲಿನಿಂದ ಒಳಬಾಗಿಲಿಗೆ ಬಂದ. ಅವನ ಕಣ್ಣು ಹೋಗಿ ಒಂಬತ್ತು ವರ್ಷವಾಗಿತ್ತು. ಆದರೂ ಕೋಲು ಹಿಡಿದವನಲ್ಲ, ಇನ್ನೊಬ್ಬರ ಕೈ ಹಿಡಿದವನೂ ಅಲ್ಲ. ಚಿಟಿಕೆ ಹೊಡೆಯುತ್ತ ನಡೆಯುವನು. ಎದುರಿಗೆ ಗೋಡೆಯಿದ್ದರೆ ಚಿಟಿಕೆ ಗಟ್ಟಿಯಾಗಿ ಮರಳುವುದು, ಬಾಗಿಲಿದ್ದರೆ ಒಳಗೆ ಹೋಗಿ ಕರಗುವುದು. ಹಾಗೆಯೇ ಓಣಿ ದಾಟಿ, ಮಠದ ಕಟ್ಟೆಯ ಮೇಲೆ ಕುಳಿತು ಹರಟಿ ಬರುತ್ತಿದ್ದ. “ಮಾವಾರ ಕೈ ಹಿಡೀಬ್ಯಾಡ್ರಿ, ಸಿಟ್ಟಿಗೇಳ್ತಾರ” ಎಂದು ಸೊಸೆ ಬನಶಂಕರಿ ಬಂದವರಿಗೆಲ್ಲ ಹೇಳುವಳು. ಮನೆಯ ರೂಢಿಯೇ ಅದಾಗಿತ್ತು.

ಜಮಖಂಡಿಯಲ್ಲಿ ಬಿ.ಎಸ್ಸಿ. ಓದುವಾಗ ರಾಮಲಿಂಗಪ್ಪ ಒಂದು ರಜೆಗೆ ಬಂದವನು ತಂದೆಗೆ ಬಾವಲಿಯ ವಿಷಯ ವಿವರಿಸಿದ್ದ. ನಮ್ಮ ಕಿವಿಗೆ ನಿಲುಕದಷ್ಟು ಎತ್ತರದ ದನಿಯಲ್ಲಿ ಅದು ಕೂಗುತ್ತದೆ, ಆ ಕೂಗು ಎಲ್ಲಿ ತಗುಲಿ ಮರಳಿತೆಂದು ಆಲಿಸಿಯೇ ಕತ್ತಲಲ್ಲಿ ಹಾರುತ್ತದೆ ಎಂದಿದ್ದ.

“ನೀನೂ ಹಂಗ ಅಪ್ಪಾ.”

“ಹಂಗಾರ ನಿಮ್ಮವ್ವಗ ಹೇಳು, ನಾಳಿಂದ ನನಗ ಮಲಗಾಕ ಹೊರಸು ಬ್ಯಾಡ. ಜಂತಿಗೆ ಜೋತ ಬೀಳ್ತೇನಿ” ಎಂದು ಶಿದ್ರಾಮಪ್ಪ ನಕ್ಕಿದ್ದ.

ಈಗ ಒಳಬಾಗಿಲಲ್ಲಿ ನಿಂತು ಚಿಟಿಕೆ ಹೊಡೆದ. ಮತ್ತೆ ಹೊಡೆದ. ಬೆರಳನ್ನು ಕಿವಿಯ ಹತ್ತಿರ ಒಯ್ದು ಹೊಡೆದ. ಕೊನೆಗೆ ಎರಡೂ ಕೈ ಎತ್ತಿ ಜೋರಾಗಿ ಚಪ್ಪಾಳೆ ತಟ್ಟಿದ. ಮಗನ ಏಳಿಗೆಗೆ ಹಿಗ್ಗಿ ತಟ್ಟುತ್ತಿದ್ದಾನೆಂದು ತಿಳಿದು ಮಂದಿಯೂ ತಟ್ಟಿದರು. ರಾಮಲಿಂಗಪ್ಪನೂ ತಟ್ಟಿದ. ಮುದುಕ ಎಂದಿನ ಬಿರುಸಿನಲ್ಲಿಯೇ ಹೆಜ್ಜೆ ಹಾಕಿದ. ಯಾರೂ ತಡೆಯಲಿಲ್ಲ. ತಾನೇ ಕಟ್ಟಿಸಿದ ಗೋಡೆಯ ಮೂಲೆಗೆ ಅವನ ಹಣೆ ಬಡಿಯಿತು. ಬಡಿದ ಸಪ್ಪಳವೂ ಕೇಳಲಿಲ್ಲ.

ಮಗ್ಗ ನಿಲ್ಲಿಸಿದರು. ಹುಬ್ಬಿನ ಮೇಲಿಂದ ಇಳಿದ ರಕ್ತವನ್ನು ಬನಶಂಕರಿ ಸೆರಗಿನಿಂದ ಒತ್ತಿ ಹಿಡಿದಳು.

“ಲೇ ರಾಮ್ಯಾ, ಇದು ನಮ್ಮ ಮನೀನ ಹೌದಲ್ಲೋ?”

“ಹೌದಪಾ. ಕೂಡ್ರು, ಅರಿಷಿಣ ಹಚ್ಚತಾಳ.”

“ಎಲ್ಲೀತನಕ ನಡೀತಾವ ಇವು?”

“ರಾತ್ರಿ ಹನ್ನೊಂದರತನಕ. ಎರಡು ಪಾಳಿ. ಬಾಜೂ ಮನಿಯಾಗೂ ಮುಂದಿನ ವಾರ ಚಾಲೂ ಆಗ್ತಾವ.”

ಮುದುಕ ಕೈ ಚಾಚಿ ಗೋಡೆ ಸವರಿದ. “ಇಂಥಾ ಸಪ್ಪಳದಾಗ ನಿನ್ನ ಬಾವಲಿ ಏನ ಮಾಡ್ತೈತೋ?”

ಕಿವಿಗೆ ಮೇಣ ತುಂಬಿ, ತಂತಿ ಕಟ್ಟಿದ ಕೋಣೆಯೊಳಗೆ ಬಿಟ್ಟ ಬಾವಲಿ ಹೇಗೆ ತಂತಿತಂತಿಗೂ ಬಡಿದು ಬೀಳುತ್ತದೆಂದು ಪ್ರೊಫೆಸರರು ಪಾಠದಲ್ಲಿ ಹೇಳಿದ್ದು ರಾಮಲಿಂಗಪ್ಪನಿಗೆ ಚೆನ್ನಾಗಿ ನೆನಪಿತ್ತು.

“ಗೊತ್ತಿಲ್ಲಪಾ” ಎಂದ.

“ಹೋಗ್ಲಿ ಬಿಡು. ಬಟನ್ ಹಾಕು, ಮಂದಿ ನಿಂತಾರ.”

ಸಂಜೆ ಬನಶಂಕರಿ ಒಂದು ಹಗ್ಗ ತಂದುಕೊಟ್ಟಳು. ಮುದುಕನ ಹೊರಸಿನ ಬದಿಯ ಕಂಬಕ್ಕೆ ಅದನ್ನು ಸೊಂಟದೆತ್ತರದಲ್ಲಿ ಬಿಗಿದು, ಇನ್ನೊಂದು ತುದಿಯನ್ನು ರಾಮಲಿಂಗಪ್ಪ ಬಚ್ಚಲ ಬಾಗಿಲ ಗೂಟಕ್ಕೆ ಕಟ್ಟಿದ. ಶಿದ್ರಾಮಪ್ಪ ಎರಡೂ ಕೈಯಿಂದ ಹಗ್ಗ ಹಿಡಿದು ಬಚ್ಚಲತನಕ ಹೋದ, ಗಂಟು ಕೈಗೆ ಸಿಕ್ಕಲ್ಲಿ ತಿರುಗಿದ, ಮರಳಿ ಬಂದು ಹೊರಸಿನ ಮೇಲೆ ಕುಳಿತ. ಮಗನತ್ತ ಮುಖ ಮಾಡಿ ಏನೋ ಕೇಳಿದ. ಮಗ್ಗದ ಸದ್ದಿನಲ್ಲಿ ಮಗನಿಗೆ ತಿಳಿಯಲಿಲ್ಲ.

ಹಗ್ಗದ ಉದ್ದ ಹದಿನೆಂಟು ಅಡಿ.