ಹೆಸರಿನ ಖಾನೆ

ಸೋಮವಾರದಿಂದ ಈಮೇಲ್ ಹೊಸದಾಗುತ್ತದೆ ಎಂಬ ಸುದ್ದಿ ಬೈಲಹೊಂಗಲದ ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿಗೆ ಶುಕ್ರವಾರ ಬೆಳಿಗ್ಗೆ ಬಂತು. ಏನು ಹೊಸದಾಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರೂ ಒಂದೊಂದು ಹೇಳಿದರು. ಹಳೆಯ ಪತ್ರಗಳೆಲ್ಲ ಅಳಿಸಿಹೋಗುತ್ತವೆ ಎಂದು ಒಬ್ಬ, ಇನ್ನು ಮುಂದೆ ಎಷ್ಟು ಫೋಟೊ ಬೇಕಾದರೂ ಕಳಿಸಬಹುದು ಎಂದು ಇನ್ನೊಬ್ಬ. ಕಾಲೇಜಿಗೆ ಹೋಗುವ ಮಧು ಮಾತ್ರ ಮೂಲೆಯ ಕಂಪ್ಯೂಟರಿನಿಂದ ಕತ್ತು ಹೊರಳಿಸಿ, ನಾವು ಒಬ್ಬರ ವಿಳಾಸವನ್ನು ಏನು ಹೆಸರಿನಿಂದ ಬರೆದಿಟ್ಟಿದ್ದೇವೋ ಅದು ಇನ್ನು ಮೇಲೆ ಅವರಿಗೇ ಕಾಣುತ್ತದಂತೆ ಎಂದ.

ಸೆಂಟರ್ ನೋಡಿಕೊಳ್ಳುವ ಹಿನಾಕೌಸರಳ ಬೆರಳು ಕೀಬೋರ್ಡಿನ ಮೇಲೆಯೇ ನಿಂತಿತು. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ರಾಚವ್ವನನ್ನು ನೋಡಿದಳು.

ರಾಚವ್ವ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಕನ್ಯೆ-ವರ ಗೊತ್ತು ಮಾಡಿಸುವವಳು. ಓದು ಬಾರದು. ಎರಡು ವರ್ಷದ ಹಿಂದೆ ಜನ ಫೋಟೊ, ಕುಂಡಲಿಗಳನ್ನು ಈಮೇಲಿನಲ್ಲಿ ಕೇಳತೊಡಗಿದಾಗ ಹಿನಾಳ ಹತ್ತಿರ ಬಂದು ಕೂತಿದ್ದಳು. ಹೆಸರಿನ ಖಾನೆಗೆ ಏನು ಹಾಕಲಿ ಎಂದು ಹಿನಾ ಕೇಳಿದರೆ, ರಾಚವ್ವ ಆ ಮನೆಯನ್ನು ತಾನು ನೆನಪಿಟ್ಟುಕೊಂಡ ರೀತಿಯಲ್ಲೇ ಹೇಳಿದಳು. ಹಿನಾ ಒಂದು ಮಾತು ಬಿಡದೆ ಅದೇ ಖಾನೆಯಲ್ಲಿ ತುಂಬಿದಳು. ‘ಹೂಲಿ ಶಂಕ್ರೆಪ್ಪ, ಹುಡುಗ ಬಂಗಾರ, ಅವ್ವ ಬೆಂಕಿ.’ ‘ದೇಗಾಂವ ಗಂಗಪ್ಪ, ತೋರಿಸೋದು ದೊಡ್ಡಾಕಿನ್ನ, ಶಾಣ್ಯಾಕಿ ಸಣ್ಣಾಕಿ.’ ಹೀಗೆ ಇನ್ನೂರ ಹದಿನೆಂಟು ಮನೆ. ದಿನಾ ಬೆಳಿಗ್ಗೆ ಹಿನಾ ಓದುತ್ತಿದ್ದಳು, ರಾಚವ್ವ ಕಣ್ಣು ಮುಚ್ಚಿ ಕೇಳಿ ಯಾರಿಗೆ ಯಾರು ಎಂದು ಜೋಡಿಸುತ್ತಿದ್ದಳು.

“ಕಾಕು, ಎಲ್ಲಾ ಅಳಿಸಿ ಬರೇ ಹೆಸರ ಹಾಕಲೇನ್ರಿ?”

“ಅಳಸವ್ವ. ಅದಕ್ಕೂ ಮೊದಲ ಒಂದ ವಹಿಯೊಳಗ ಬರಕೋ. ಇದರಾಗಿಂದ ಒಂದ ಮಾತ ಹೊರಗ ಬಿದ್ದರೂ ನನಗ ಯಾರ ಮನ್ಯಾಗೂ ಚಾಪಿ ಹಾಸಂಗಿಲ್ಲ.”

ಹಿನಾ ವಹಿ ತೆಗೆದು ಬರೆಯತೊಡಗಿದಳು. ರಾಚವ್ವನ ಮುಖ ಬೆವರಿತ್ತು. ನಲವತ್ತು ವರ್ಷ ಊರೂರು ಸುತ್ತಿ ಗಳಿಸಿದ್ದೆಂದರೆ ಅವಳಿಗೆ ಜನರ ನಂಬಿಕೆಯೊಂದೇ. ಹನ್ನೊಂದನೆಯ ಮನೆ ಬರೆಯುವಾಗ ಬಾಗಿಲಲ್ಲಿ ಒಂದು ಜೀಪು ನಿಂತಿತು. ಮುರಗೋಡದ ನಿಜಗುಣಪ್ಪ ಇಳಿದು ಬಂದ. ನೂರೆಕರೆ ಹೊಲದವನು. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ. ಇಲ್ಲಿಂದ ಬಂದ ಈಮೇಲು, ಮಗಳು ಮೀನಾ ಕಾಲೇಜಿನಲ್ಲಿ ಅಚ್ಚು ಹಾಕಿಸಿದ್ದು ಎನ್ನುತ್ತ ಅದನ್ನು ಮೇಜಿನ ಮೇಲೆ ಬಿಡಿಸಿಟ್ಟು ಹಿನಾಳಿಗೆ ಓದಲು ಹೇಳಿದ.

ಹಿನಾ ಮೊದಲ ಸಾಲು ನೋಡಿ ಕಾಗದವನ್ನು ಮತ್ತೆ ಮಡಿಚಹೋದಳು. ಓದು ಎಂದು ರಾಚವ್ವನೇ ಹೇಳಬೇಕಾಯಿತು.

“ಮುರಗೋಡ ನಿಜಗುಣಪ್ಪ, ಮನಿ ದೊಡ್ಡದು, ಬಂದವರಿಗೆ ಚಾ ಇಲ್ಲ.”

ಮಧು ಎದ್ದು ಬಂದು ಕಾಗದದ ಮೇಲಿನ ತಾರೀಖು ನೋಡಿದ. ಎರಡು ವರ್ಷದ ಹಿಂದಿನದು. ಅವನು ತಲೆ ಕೆರೆದುಕೊಂಡು, ಹಾಗಾದರೆ ಹೆಸರು ಮೊದಲಿನಿಂದಲೂ ಕಾಣುತ್ತಿತ್ತು ಎಂದು ಮೆಲ್ಲಗೆ ಒಪ್ಪಿಕೊಂಡ. ಸೋಮವಾರಕ್ಕೆ ಹೆದರಿ ಕೂತಿದ್ದ ಸಂಗತಿ ಎಂದೋ ನಡೆದುಹೋಗಿತ್ತು. ಅದೂ ಅಲ್ಲದೆ ಆ ಪತ್ರವನ್ನು ನಾಲ್ಕು ಮನೆಗೆ ಒಟ್ಟಿಗೆ ಕಳಿಸಿದ್ದರು. ನಾಲ್ವರ ಹೆಸರೂ ಸಾಲಾಗಿ ಮೇಲೆಯೇ ಇದ್ದವು. ಒಬ್ಬರದನ್ನು ಇನ್ನೊಬ್ಬರು ಓದಿದ್ದರು.

ರಾಚವ್ವ ಆ ಕಾಗದವನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ ಕೇಳಿದಳು.

“ಎರಡ ವರ್ಷ ಯಾಕ ಸುಮ್ಮನ ಇದ್ರಿ ನಿಜಗುಣಪ್ಪನವರ?”

“ಜಗಳಕ್ಕ ಬಂದ್ರ, ಅಕಿ ಏನ ಬರದಾಳ ಅಂತ ಊರ ಕೇಳತೈತ್ರಿ. ನಾ ಏನಂತ ಹೇಳ್ಲಿ? ಉಳಿದವರೂ ಅದಕ್ಕ ಬಾಯಿ ಬಿಟ್ಟಿಲ್ಲ.”

ರಾಚವ್ವ ಮನಸ್ಸಿನಲ್ಲೇ ಬೆರಳು ಮಡಿಚಿದಳು. ಮೊದಲೆಲ್ಲ ವರ್ಷಕ್ಕೆ ಐದಾರು ಮದುವೆ. ಈ ಎರಡು ವರ್ಷದಲ್ಲಿ ಮೂವತ್ತೊಂದು. ಮುಂಚೆ ದೇವರ ಮೇಲೆ ಆಣೆ ಮಾಡಿಸಿಕೊಳ್ಳುತ್ತಿದ್ದವರು ಈಗೀಗ ಏನೂ ಕೇಳದೆ, ನೀವು ಮೇಲ್ ಕಳಿಸಿರಿ ಸಾಕು ಎನ್ನುತ್ತಿದ್ದರು. ಕಂಪ್ಯೂಟರಿನ ಮೇಲಿನ ಗೌರವ ಅದು ಎಂದು ಅವಳು ತಿಳಿದಿದ್ದಳು. ಅದಲ್ಲ ಎಂದು ಈಗ ಹೊಳೆಯಿತು. ತಮ್ಮ ಬಗ್ಗೆ ಬರೆದ ಸಾಲು ಖರೆ ಇತ್ತು, ಹಾಗಾಗಿ ಪಕ್ಕದವರದೂ ಖರೆ ಎಂದು ಮನೆಮನೆಯಲ್ಲೂ ಲೆಕ್ಕ ಹಾಕಿದ್ದರು. ಅವಳು ಸೆರಗು ಸರಿಮಾಡಿಕೊಂಡು, ಬಗ್ಗಿದ ಬೆನ್ನು ನೆಟ್ಟಗೆ ಮಾಡಿ ಕೂತಳು.

ನಿಜಗುಣಪ್ಪ ಜಗಳಕ್ಕೆ ಬಂದವನಲ್ಲ. ಸ್ಟೂಲಿನ ಹತ್ತಿರ ಬಾಗಿ ದನಿ ತಗ್ಗಿಸಿದ. ಮೀನಾಳಿಗೆ ರಾಮದುರ್ಗದ ಎರಡು ಮನೆ ಒಪ್ಪಿದ್ದವು, ಪತ್ರದಲ್ಲಿ ಆ ಸಾಲು ಓದಿ ಹಿಂದೆ ಸರಿದವು. ಚಾ ಕೊಡದವರು ಮಗಳಿಗೆ ಬುತ್ತಿ ಕಟ್ಟುತ್ತಾರೆಯೇ ಎಂದರಂತೆ.

“ಈಗ ನಮ್ಮನ್ಯಾಗ ಚಾ ಕೊಡ್ತೀವ್ರಿ. ಗಟ್ಟಿ ಹಾಲಿಂದು. ಜೋಡಿ ಚುರಮರಿ. ಆ ಮಾತೊಂದ ತಗಸ್ರಿ ರಾಚವ್ವಾರ, ನಿಮ್ಮ ಕಾಲ ಬೀಳತೇನಿ.”

ಹಿನಾಳ ಕೈ ಕೀಬೋರ್ಡಿನತ್ತ ಹೋಯಿತು. ರಾಚವ್ವ ಆ ಕೈಯ ಮೇಲೆ ತನ್ನ ಕೈಯಿಟ್ಟಳು.

“ತಡಿಯವ್ವ. ವಹಿ ಮುಚ್ಚು, ಯಾರದೂ ಒಂದಕ್ಷರ ಅಳಸಬ್ಯಾಡ. ಇವರ ಮನಿಗೆ ಹೋಗಿ ಚಾ ಕುಡದ ಬರತೇನಿ, ಆಮ್ಯಾಲ ಹೇಳತೇನಿ.”

ಅವಳು ಚಪ್ಪಲಿ ಮೆಟ್ಟಿ ಹೊರಬರುವಷ್ಟರಲ್ಲಿ, ನೂರೆಕರೆಯ ನಿಜಗುಣಪ್ಪ ಹೆಗಲ ಮೇಲಿನ ಟವೆಲಿನಿಂದ ಜೀಪಿನ ಮುಂದಿನ ಸೀಟನ್ನು ಎರಡನೆಯ ಸಲ ಒರೆಸುತ್ತಿದ್ದ.