ಕಣ್ಣಾರೆ ಕಂಡವಳು

ಸಂಸದನಾದ ಮಗ ತೊಟ್ಟಿದ್ದ ಅಂಗಿಯ ಎದೆಯ ಗುಂಡಿಯನ್ನು ಅಮ್ಮ ಹೊಲಿಯುತ್ತಿದ್ದಳು. ಸೂಜಿ ಬಟ್ಟೆಯಲ್ಲಿರುವಾಗಲೇ ಅವನು ಹಿತ್ತಾಳೆಯ ಹೂದಾನಿ ಎತ್ತಿ, ತಡವಾಗಿ ಬಂದ ಚಾಲಕನ ಮುಖಕ್ಕೆ ಬಾರಿಸಿದ. ರಕ್ತ ಅಮ್ಮನ ಕೈಗೆ ಸಿಡಿಯಿತು.

“ಸಾಕು ಬಿಡೋ, ಸತ್ತೇ ಹೋಗ್ತಾನೆ!”

“ನಮ್ಮ ಗಿರಣಿಲೂ ಒಂದು ಹೆಣ ಬಿತ್ತು. ಏನಾಯ್ತು? ಓಟೂ ಬಿದ್ವಲ್ಲಮ್ಮ!” ಅವನು ನಕ್ಕ. “ಬೇಗ ಹೊಲಿ. ಇವತ್ತು ಸಂಸತ್ತಲ್ಲಿ ಕಾರ್ಮಿಕರ ಬಗ್ಗೆ ನಂದೇ ಭಾಷಣ.”

ಅವಳು ಗಂಟು ಹಾಕಿ ದಾರ ಕತ್ತರಿಸಿದಳು. ಅವನು ಕಾರನ್ನು ತಾನೇ ಓಡಿಸಿಕೊಂಡು ಹೋದ. ಗಿರಣಿಯ ಕಾವಲುಗಾರನನ್ನು ಅವನು ಕಬ್ಬಿಣದ ಸರಳಿನಿಂದ ಬಡಿದು ಕೊಂದದ್ದನ್ನು ಕಂಡವಳು ಅವಳೊಬ್ಬಳೇ. ಅದನ್ನೆಲ್ಲ ನ್ಯಾಯಾಧೀಶರಿಗೆ ಬರೆದಿಟ್ಟ ಪತ್ರ, ಹೆತ್ತ ಕರುಳು ಒಪ್ಪದೆ, ಮೂರು ವರ್ಷದಿಂದ ಹಾಸಿಗೆಯಡಿ ಇತ್ತು. ಚಾಲಕನ ಬಾಯಿಗೆ ಬಟ್ಟೆ ಒತ್ತಿ ಕೂರಿಸಿ, ಕೈಯನ್ನೂ ತೊಳೆಯದೆ ಅವಳು ಬೀದಿ ದಾಟಿದಳು. ಪತ್ರವನ್ನು ಅಂಚೆಪೆಟ್ಟಿಗೆಯೊಳಕ್ಕೆ ಬಿಟ್ಟಳು.