ಹಿಂದಿನ ಸೀಟು

“ಹಲ್ಲು ಕಿತ್ತಬಿಡ್ರಿ ಡಾಕ್ಟ್ರ, ಏನ್ ವಿಚಾರ ಮಾಡಾಕತ್ತೀರಿ?” ಎಂದು ಕುರ್ಚಿಯಲ್ಲಿ ಒರಗಿದ್ದ ಪ್ರಫುಲ್ಲಾಬಾಯಿ ತಾವೇ ಅವಸರ ಮಾಡಿದರು. ಮೆಹದಿಪಟ್ಟಣಂನಲ್ಲಿ ಕನ್ನಡ ಮಾತಾಡುವ ಹಲ್ಲಿನ ಡಾಕ್ಟರು ಸಿಕ್ಕಿದ್ದೇ ದೊಡ್ಡದು, ಇನ್ನು ತಡವೇಕೆ ಎಂಬುದು ಅವರ ಲೆಕ್ಕಾಚಾರ. ಮಗ ಮಿಲಿಂದ ಪಕ್ಕದಲ್ಲೇ ನಿಂತಿದ್ದ. ಸೊಸೆ ಶರ್ವರಿ ಬಾಗಿಲ ಬಳಿ.

ಕೆಲವು ವಾರಗಳಿಂದ ಬಲಗೆನ್ನೆಯಲ್ಲಿ ನೋವು. ರೊಟ್ಟಿ ಅಗಿದರೆ ಕಿವಿಯ ಹತ್ತಿರ ‘ಕಟ್’ ಎಂಬ ಸದ್ದು, ದೊಡ್ಡ ತುತ್ತಿಗೆ ಬಾಯಿಯೇ ತೆರೆಯದು. ಹಿಂದಿನ ದವಡೆ ಹಲ್ಲಿನದೇ ಈ ಕಿತಾಪತಿ ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು.

ಡಾಕ್ಟರ್ ಅಹಲ್ಯಾ ಎಕ್ಸ್‌ರೇ ನೋಡಿದರು, ಹಲ್ಲು ತಟ್ಟಿದರು. ಆಮೇಲೆ ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ಮೆಲ್ಲಗೆ ತೆರೆಯಲು ಹೇಳಿದರು. ಕಟ್. ಗದ್ದ ಬಲಕ್ಕೆ ವಾಲಿತು.

“ಹಲ್ಲು ಗಟ್ಟಿ ಐತ್ರಿ. ನೋವು ಇಲ್ಲಿ ದವಡಿ ಕೀಲಿಂದು. ಗದ್ದಕ್ಕ ಏನರ ಪೆಟ್ಟು ಬಿದ್ದಿತ್ತೇನ್ರಿ? ಗದ್ದಕ್ಕ ಬಿದ್ದಿದ್ದು ಈ ಕೀಲಿಗೆ ಬಂದು ಮುಟ್ಟತೈತಿ.”

ಪ್ರಫುಲ್ಲಾಬಾಯಿ ಬಾಗಿಲತ್ತ, ಸೊಸೆಯ ಕಡೆ ನೋಡಿದರು. ಹೋದ ತಿಂಗಳು ಶರ್ವರಿಯ ಸ್ಕೂಟರಿನ ಹಿಂದೆ ಕೂತು, ಅವಳ ಹೆಗಲ ಮೇಲೆ ಬಾಗಿ, ಮಗಳ ಕಡೆಯ ಬೀಗರ ಮನೆಯ ಕಥೆಯನ್ನು ರಸವತ್ತಾಗಿ ಹೇಳುತ್ತಿದ್ದರು. ಸ್ಪೀಡ್‌ ಬ್ರೇಕರಿಗೆ ಗಾಡಿ ಹಾರಿತು, ಗದ್ದ ಹೋಗಿ ಸೊಸೆಯ ಹೆಲ್ಮೆಟ್ಟಿಗೆ ಅಪ್ಪಳಿಸಿತು. ರಕ್ತ ಬರಲಿಲ್ಲ. ಅರಿಸಿನ ಹಚ್ಚಿ ಅತ್ತೆ-ಸೊಸೆ ವಿಷಯವನ್ನು ಮಿಲಿಂದನಿಗೆ ಮುಚ್ಚಿಟ್ಟರು. ಹಿಂದೊಮ್ಮೆ ಶರ್ವರಿ ಗಾಡಿಯಿಂದ ಬಿದ್ದಾಗಲೇ ಅವನು ಹೇಳಿದ್ದ, ಇನ್ನೊಂದು ಸಲ ಏನಾದರೂ ಆದರೆ ಗಾಡಿ ಮಾರಿಬಿಡುತ್ತೇನೆ ಎಂದು. ಅಮೀರ್‌ಪೇಟ್‌ನಲ್ಲಿ ಪಾಠ ಹೇಳಲು ಶರ್ವರಿ ಹೋಗುವುದು ಅದರ ಮೇಲೆಯೇ.

“ಏನೂ ಬಿದ್ದಿಲ್ರಿ,” ಎಂದರು ಪ್ರಫುಲ್ಲಾಬಾಯಿ. “ಹಲ್ಲಽ ಕೀಳ್ರಿ.”

ಗಟ್ಟಿ ಹಲ್ಲು ಕಿತ್ತರೂ ನೋವು ಹಾಗೆಯೇ ಉಳಿಯುತ್ತದೆ ಎಂದು ಡಾಕ್ಟರು ಹೇಳುತ್ತಿದ್ದರೆ, ಇವರು ಬಾಯಿ ತೆರೆದು ಕಾಯುತ್ತಲೇ ಇದ್ದರು.

“ಕೀಳಬ್ಯಾಡ್ರಿ,” ಶರ್ವರಿ ಒಳಗೆ ಬಂದಳು. “ಅತ್ತಿಯವರ ಗದ್ದಕ್ಕ ನನ್ನ ಹೆಲ್ಮೆಟ್ ಬಡದೈತಿ.”

ಮಿಲಿಂದ ಹೆಂಡತಿಯತ್ತ ಕೈ ಚಾಚಿದ. “ಗಾಡಿ ಕೀಲಿ ಕೊಡಿಲ್ಲೆ.”

ಪ್ರಫುಲ್ಲಾಬಾಯಿ ಎದ್ದು ಕೂತರು. “ಕೈ ತಗಿಯೋ. ಕಿವ್ಯಾಗ ಮಾತಾಡಕೋತ ಕುಂತಾಕಿ ನಾನು, ನನಗ ಹೆಲ್ಮೆಟ್ ಬ್ಯಾಡ ಅಂದಾಕಿ ನಾನು. ಗಾಡಿ ಏನ್ ಮಾಡೈತಿ ಪಾಪ?” ಚಾಚಿದ ಕೈಯನ್ನು ಮಿಲಿಂದ ಕಿಸೆಗೆ ಇಳಿಸಿದ.

ಬೇಗ ಬಂದಿದ್ದೀರಿ, ಸರಿಹೋಗುತ್ತದೆ ಎಂದರು ಡಾಕ್ಟರು. ಮೆತ್ತನೆಯ ಊಟ, ಬಿಸಿ ಶಾಖ, ಬಾಯಿಗೆ ದಿನವೂ ಸ್ವಲ್ಪ ವ್ಯಾಯಾಮ. ಖಡಕ್ ರೊಟ್ಟಿ ಸದ್ಯಕ್ಕೆ ಬಂದ್.

ಕೆಳಗೆ ಮಿಲಿಂದ ಆಟೋ ನಿಲ್ಲಿಸಿ ಕರೆದ. ಪ್ರಫುಲ್ಲಾಬಾಯಿ ಅತ್ತ ನೋಡಲೇ ಇಲ್ಲ. ಶರ್ವರಿ ಸ್ಕೂಟರಿನ ಸೀಟು ಎತ್ತಿ ಹೊಸದೊಂದು ಹೆಲ್ಮೆಟ್ ತೆಗೆದಳು. ಎಂದು ಕೊಂಡಿದ್ದಳೋ, ಅದರ ಬೆಲೆಯ ಚೀಟಿಯನ್ನೂ ಇನ್ನೂ ಕಿತ್ತಿರಲಿಲ್ಲ. ಪಟ್ಟಿ ಬಿಗಿಯುವಾಗ ಅತ್ತೆಯ ಗದ್ದಕ್ಕೆ ಒತ್ತದಂತೆ ತನ್ನ ಬೆರಳನ್ನು ನಡುವೆ ಇಟ್ಟಳು.

ಪ್ರಫುಲ್ಲಾಬಾಯಿ ಹತ್ತಿದರು. ಈ ಸಲ ಒಂದು ಗೇಣು ಹಿಂದೆ ಸರಿದು ಕೂತು, “ಬೀಗರ ಮನಿ ಕಥಿ,” ಎಂದರು, “ಎಲ್ಲಿಗೆ ಬಿಟ್ಟಿದ್ದೆ?”